ಹಳ್ಳದಪ್ಪೆ ಹಾಕಿಕೊಂಡ ಬಾಗಿಲು

ಕೆರಿಯಣ್ಣ ನಮ್ಮ ಲ್ಯಾಬಿಗೆ ಬಂದ ಮೊದಲ ದಿನವೇ ನನ್ನಿಂದ ಬೈಸಿಕೊಂಡ. ದೀಪಾವಳಿ ಮುಗಿದಿತ್ತಷ್ಟೆ. ಆಗತಾನೇ ಒರೆಸಿಟ್ಟ ಮೇಜಿನ ಮೇಲೆ ತೋಳುದ್ದದ ಮಾವಿನ ಕೊಂಬೆಯೊಂದನ್ನು ಧೊಪ್ಪೆಂದು ಹಾಕಿ, "ಅಕ್ಕೋರೆ, ಇದ್ಕೆ ಎಂತ ಆತು ನೋಡಿ ಒಂದು ಔಷಧಿ ಕೊಡಿ. ಬೇಗ ಆಗ್ಲಿ, ಸಿದ್ದಾಪುರದ ಬಸ್ಸು ಹೋಗ್ತದೆ" ಅಂದ.

ನನಗೆ ಮೈಯೆಲ್ಲ ಉರಿಯಿತು. "ಬಸ್ ಹೋದ್ರ ಹೋಗ್ಲಿ ಬಿಡ್ರಿ. ಇದನ್ನ ಔಷಧಿ ಅಂಗಡಿ ಅಂತ ತಿಳ್ಕೊಂಡೀರೇನು? ಮೊದ್ಲ ಆ ಕೊಂಬಿ ಕೆಳಗ ಇಡ್ರಿ!"

ಅವನು ಹೆದರಲಿಲ್ಲ, ನಕ್ಕ. ನಾನು ಬನವಾಸಿಯ ಆಚೆಯವಳು. ನಾನು ಬಾಯಿ ತೆರೆದರೆ ಶಿರಸಿಯ ಈ ಕಡೆಯವರಿಗೆಲ್ಲ ನಗು. ಇರಲಿ. ನನ್ನ ಕೆಲಸ ಮರದ ರೋಗ ನೋಡುವುದು. ರೋಗ ಬಂದ ಕಟ್ಟಿಗೆಯನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಳಗೆ ಏನಾಗಿದೆ ಎಂದು ಬರೆದುಕೊಡುವುದು. ವಾಸಿ ಮಾಡುವುದು ಬೇರೆ ಮಾತು. ಅದು ಜನರಿಗೆ ಅರ್ಥವಾಗುವುದಿಲ್ಲ, ಹೀಗಾಗಿ ನನ್ನ ಸಿಟ್ಟೂ ಇಳಿಯುವುದಿಲ್ಲ.

ಕೊಂಬೆ ನೋಡಿದವಳೇ ನಾನೇ ಅದನ್ನು ಕೈಗೆತ್ತಿಕೊಂಡೆ. ಎಲೆಗಳು ಒಣಗಿ ಸುರುಟಿಕೊಂಡಿದ್ದವು, ಆದರೆ ಒಂದೂ ಉದುರಿರಲಿಲ್ಲ. ಎಲೆ ಉದುರಿಸುವುದಕ್ಕೂ ಮರಕ್ಕೆ ಜೀವ ಬೇಕು, ತೊಟ್ಟಿನ ಹತ್ತಿರ ಕೋಶಗಳು ಕೆಲಸ ಮಾಡಿ ಎಲೆಯನ್ನು ಬಿಡಿಸಬೇಕು. ಈ ಕೊಂಬೆಗೆ ಅಷ್ಟು ಪುರುಸೊತ್ತೂ ಸಿಕ್ಕಿರಲಿಲ್ಲ.

"ಯಾವ ಮರದ್ದು ಇದು?"

"ಹಳ್ಳದಪ್ಪೆ" ಅಂದ. ಎಲ್ಲರಿಗೂ ಗೊತ್ತಿರಬೇಕಾದ ಹೆಸರು ಎಂಬ ಹಾಗೆ.

ಅಪ್ಪೆ ಎಂದರೆ ಉಪ್ಪಿನಕಾಯಿಗೆಂದೇ ಹುಟ್ಟಿದ ಕಾಡುಮಾವು. ಹೆಬ್ಬೆರಳಿನಷ್ಟು ಮಿಡಿ ಇರುವಾಗಲೇ ತೊಟ್ಟಿನ ಸಮೇತ ಕೊಯ್ದು ಉಪ್ಪಿಗೆ ಹಾಕಬೇಕು. ಒಂದೊಂದು ಮರಕ್ಕೆ ಒಂದೊಂದು ಪರಿಮಳ, ಒಂದೊಂದು ಹೆಸರು. ಹಳ್ಳದಪ್ಪೆ ಇದ್ದದ್ದು ಹೇರೂರಿನ ಹತ್ತಿರ, ಹಳ್ಳದ ದಂಡೆಯಲ್ಲಿ. ಯಾರೂ ನೆಟ್ಟ ಮರವಲ್ಲ, ಯಾರ ಮಾಲಕಿಯದೂ ಅಲ್ಲ. ಆದರೆ ಅದನ್ನು ಹತ್ತುವವನು ಕೆರಿಯಣ್ಣ ಒಬ್ಬನೇ. ಅವನಿಗಿಂತ ಮೊದಲು ಅವನ ಅಪ್ಪ ಹತ್ತುತ್ತಿದ್ದ.

ಮಿಡಿ ನೆಲಕ್ಕೆ ಬಿತ್ತೋ, ಕೆಟ್ಟಿತು. ತೊಟ್ಟು ಮುರಿದು ಸೊನೆ ಸೋರಿಹೋಗುತ್ತದೆ. ಭರಣಿಯಲ್ಲಿ ಅದೊಂದು ಕೊಳೆತರೆ ಪಕ್ಕದ್ದನ್ನೂ ಕೊಳೆಸುತ್ತದೆ. ಹಾಗಾಗಿ ಕೆರಿಯಣ್ಣ ಮಿಡಿ ಉದುರಿಸುವವನಲ್ಲ. ಗೊಂಚಲಿರುವ ಟೊಂಗೆಯನ್ನೇ ಕತ್ತಿಯಿಂದ ಕಡಿದು, ಹಗ್ಗಕ್ಕೆ ಕಟ್ಟಿ, ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸುವಷ್ಟು ಜೋಪಾನವಾಗಿ ಕೆಳಗಿಳಿಸುತ್ತಿದ್ದ. "ನನ್ನ ಕೈಯಲ್ಲಿ ಒಂದು ಮಿಡಿ ಮಣ್ಣು ಮುಟ್ಟಿಲ್ಲ ಅಕ್ಕೋರೆ" ಎಂದು ಅವತ್ತೇ ಹೇಳಿದ. ಅದನ್ನು ಹೇಳುವಾಗ ಅವನ ಎದೆ ಉಬ್ಬಿದ್ದು ನನಗೆ ಕಂಡಿತು.

ಕೊಂಬೆಯಿಂದ ಚೂರು ತೆಗೆದು ಗಜ್ಜರಿಯ, ಅಂದರೆ ಕ್ಯಾರೆಟ್ಟಿನ, ಎರಡು ಬಿಲ್ಲೆಗಳ ನಡುವೆ ಇಟ್ಟು ಕಟ್ಟಿದೆ. ಮರವನ್ನು ಹೀಗೆ ಒಣಗಿಸುವ ಒಂದು ಜಾತಿಯ ಬೂಷ್ಟು, ಶಿಲೀಂಧ್ರ, ಕಟ್ಟಿಗೆಯೊಳಗಿದ್ದರೆ ಗಜ್ಜರಿಯ ಮೇಲೆ ಎದ್ದು ಬರುತ್ತದೆ. ಕೆರಿಯಣ್ಣ ಬಗ್ಗಿ ನೋಡಿ, "ಪಲ್ಯ ಮಾಡ್ತ್ರಾ?" ಎಂದು ಕೇಳಿದ. ನಾನು ಗುರಾಯಿಸಿದೆ. ಆಮೇಲೆ ನನಗೂ ನಗು ಬಂತು. ಬಸ್ಸು ಹೇಗೂ ಹೋಗಿತ್ತು. ಕೂರಿಸಿಕೊಂಡು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಮೊದಲು ಆರೋಗ್ಯವಿದ್ದ ಕಟ್ಟಿಗೆ.

"ಅಬಬಾ, ಜರಡಿ ಇದ್ದಂಗೆ ಅದೆ!"

"ಆ ತೂತು ಎಲ್ಲಾ ನೀರಿನ ಕೊಳವಿ ರೀ. ಬೇರಿಂದ ಎಲಿಗೆ ನೀರು ಅದ್ರಾಗ ಹೋಗ್ತೈತಿ. ಈಗ ಇದನ್ನ ನೋಡ್ರಿ." ರೋಗದ ಕಟ್ಟಿಗೆ ಇಟ್ಟೆ.

ಬಹಳ ಹೊತ್ತು ನೋಡಿದ. "ತೂತೆಲ್ಲ ಮುಚ್ಚಿ ಹೋತು ಅಲ್ದಾ?"

"ಮುಚ್ಚಿ ಹೋಗಿಲ್ರಿ. ಮರಾನ ಮುಚ್ಕೊಂಡೈತಿ."

ಅವನಿಗೆ ಅರ್ಥವಾಗುವ ಹಾಗೆ ಹೇಳಲು ನೋಡಿದೆ. ಬೂಷ್ಟು ಒಳಗೆ ಬಂದದ್ದು ಮರಕ್ಕೆ ತಿಳಿಯುತ್ತದೆ. ಕಣ್ಣಿಲ್ಲ, ಮೂಗಿಲ್ಲ, ಆದರೂ ಬೂಷ್ಟಿನ ಮೈಯ ಒಂದು ಕಣ ಜೀವಕೋಶಕ್ಕೆ ತಾಗಿದರೆ ಸಾಕು, ಇದು ನಮ್ಮದಲ್ಲ ಎಂದು ಆ ಕೋಶಕ್ಕೆ ಗೊತ್ತಾಗುತ್ತದೆ. ಪಕ್ಕದ ಕೋಶಗಳಿಗೂ ಸುದ್ದಿ ಮುಟ್ಟುತ್ತದೆ. ಕೆಲವು ತಮ್ಮ ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತವೆ. ಕೆಲವು ಮೈತುಂಬ ಒಗರು ರಸ ತುಂಬಿಕೊಳ್ಳುತ್ತವೆ. ಬೂಷ್ಟಿಗೆ ತೀರ ಹತ್ತಿರ ಇದ್ದವು ತಾವಾಗಿಯೇ ಸಾಯುತ್ತವೆ, ಅದಕ್ಕೆ ತಿನ್ನಲು ಜೀವಂತವಾದದ್ದು ಏನೂ ಸಿಗದ ಹಾಗೆ. ಇನ್ನು ಕೊಳವೆಯ ಪಕ್ಕದಲ್ಲಿರುವ ಕೋಶಗಳು ಗೋಡೆಯ ಸಣ್ಣ ಕಿಂಡಿಯಿಂದ ಕೊಳವೆಯೊಳಕ್ಕೆ ಗುಳ್ಳೆಯ ಹಾಗೆ ಉಬ್ಬಿ, ದಾರಿಯನ್ನು ಅಡ್ಡಗಟ್ಟುತ್ತವೆ, ಬೂಷ್ಟು ನೀರಿನ ಜೊತೆ ಮೇಲೆ ಹೋಗದಿರಲಿ ಎಂದು.

"ಒಟ್ಟು ಬಾಗಿಲು ಹಾಕ್ಕಂತದೆ ಅನ್ನಿ" ಅಂದ ಕೆರಿಯಣ್ಣ.

"ಹೂಂ, ಬಾಗಿಲು ಹಾಕ್ಕೊಂತೈತಿ. ಆದ್ರ ಕೇಳ್ರಿಲ್ಲೆ. ಮರಕ್ಕ ಬಾಗಿಲು ಹಾಕೂದು ಗೊತ್ತು, ತೆಗಿಯೂದು ಗೊತ್ತಿಲ್ಲ. ಬೂಷ್ಟು ಮುಂದ ಮುಂದ ಓಡಿದ್ರ ಇದು ಹಿಂದ ಹಿಂದ ಬಾಗಿಲು ಹಾಕ್ಕೋತ ಹೋಗ್ತೈತಿ. ಎಲ್ಲಾ ಬಾಗಿಲು ಹಾಕಿದ್ರ ನೀರು ಎಲ್ಲಿಂದ ಏರಬೇಕು? ಹಂಗ ಸಾಯ್ತೈತಿ."

ಅವನು ಕೇಳಿಸಿಕೊಂಡದ್ದು ಅರ್ಧವನ್ನು ಮಾತ್ರ. "ಹುಷಾರಿ ಅದು ನನ್ನ ಹಳ್ಳದಪ್ಪೆ! ನಂಗೆ ಗೊತ್ತಿತ್ತು!" ಎಂದು ತೊಡೆ ತಟ್ಟಿಕೊಂಡ. ಮುಂದಿನ ಬಸ್ಸಿನಲ್ಲಿ ಸಿದ್ದಾಪುರದವರೆಗೆ ಸಿಕ್ಕಿದವರಿಗೆಲ್ಲ ಅದನ್ನೇ ಹೇಳಿಕೊಂಡು ಹೋದನಂತೆ.

ಗಜ್ಜರಿಯ ಮೇಲೆ ಬೂಷ್ಟು ಎದ್ದಿತು. ಕೂದಲಿನಷ್ಟು ಸಪೂರ ಕಪ್ಪು ಕತ್ತು, ತುದಿಯಲ್ಲಿ ಹಳದಿ ಹನಿ. ಅದೇ. ಲ್ಯಾಬಿನ ಮುಖ್ಯಸ್ಥರಾದ ಸದಾಶಿವ ಸರ್ ನೋಡಿ ತಲೆ ಅಲ್ಲಾಡಿಸಿದರು. "ಹೋಗಿ ನೋಡ್ಕೊಂಡು ಬರ್ರಿ. ಮಾಡೂದೇನೂ ಉಳಿದಿರ್ಲಿಕ್ಕಿಲ್ಲ" ಅಂದರು.

ನಾನು ಹೋದಾಗ ಕೆರಿಯಣ್ಣನ ಹೆಂಡತಿ ಸುಬ್ಬಿ ಹಳ್ಳದಿಂದ ಕೊಡದಲ್ಲಿ ನೀರು ಮೊಗೆದು ಮರದ ಬುಡಕ್ಕೆ ಹೊಯ್ಯುತ್ತಿದ್ದಳು. ಅಯ್ಯೋ ಶಿವನೇ, ಮರದ ಬೇರು ಹಳ್ಳದೊಳಗೇ ಇಳಿದಿದೆ! ಅದರ ಕಾಲೇ ನೀರಿನಲ್ಲಿರುವಾಗ ಈಕೆ ಹೊಯ್ಯುವ ಕೊಡದಿಂದ ಏನಾಗಬೇಕು?

"ಎಂತ ಮಾಡುದು ಅಕ್ಕೋರೆ, ಇವ್ರ ಕಾಟ" ಅಂದಳು ಸುಬ್ಬಿ. "ಇದು ಮರ ಅಲ್ಲ, ನನ್ನ ಸವತಿ. ಮದುವೆಯಾಗಿ ಬಂದ ವಾರವೇ ನನ್ನ ಬಿಟ್ಟು ಇದ್ರ ಮೇಲೆ ಹೋಗಿ ಕೂತಿದ್ರು. ಈಗ ಸವತಿಗೆ ಸೀಕು, ನಾನು ಚಾಕರಿ ಮಾಡ್ತೆ."

ಹಾಗೆ ಹೇಳಿದರೂ ಮತ್ತೊಂದು ಕೊಡ ತರಲು ಹೋದಳು.

ಮರದ ಒಂದು ಪಾಲು ಒಣಗಿತ್ತು. ಕಾಂಡದಲ್ಲಿ ಕಪ್ಪು ಸೊನೆ ಇಳಿದು ಗಟ್ಟಿಯಾಗಿತ್ತು. ಸೂಜಿ ಚುಚ್ಚಿದಷ್ಟು ತೂತುಗಳಿಂದ ಕೊರೆಹುಳದ ಹುಡಿ ಉದುರುತ್ತಿತ್ತು. ಮೇಲೆ ನೋಡಿದರೆ ಎಲ್ಲ ಕಡೆ ಕಡಿದ ಗುರುತು: ಹಳೆಯವು ಮಾಗಿ ತುಟಿ ಕಟ್ಟಿಕೊಂಡಿದ್ದವು, ಹೋದ ಕೊಯ್ಲಿನವು ಮಾತ್ರ ಕಪ್ಪಗೆ ಬಾಯಿಬಿಟ್ಟುಕೊಂಡಿದ್ದವು. ಕಾಯಿಲೆ ಬಂದ ಭಾಗದ ಕೆಳಗೆ, ಕಂದು ಗೆರೆ ಕಾಣದಾಗುವವರೆಗೆ ಕೊಯ್ದು ಸುಡಬೇಕು, ಗಾಯಕ್ಕೆ ಮೈಲುತುತ್ತದ ಬೋರ್ಡೋ ಮುಲಾಮು ಹಚ್ಚಬೇಕು, ಬುಡಕ್ಕೆ ಔಷಧಿ ಹೊಯ್ಯಬೇಕು ಎಂದೆ. ಉಳಿಯುವ ಭರವಸೆಯಿಲ್ಲ ಎಂದೂ ಹೇಳಿದೆ. ಹೇಳಿದ್ದೇನೆ, ನಾನೇನೂ ಮುಚ್ಚಿಡಲಿಲ್ಲ.

"ಈ ಮರಕ್ಕಿಂತ ಮೊದ್ಲ ಮತ್ಯಾವ ಮರ ಹತ್ತಿದ್ರಿ ಹೋದ ಕೊಯ್ಲಿನಾಗ?"

"ಯಲ್ಲಾಪುರದ ಬದಿ ಕರೆದಿದ್ರು. ಅಂಕೋಲೆ ರಸ್ತೆ ಪಕ್ಕ ಒಂದು ಅಪ್ಪೆ. ಪಾಪ, ಅದೂ ಒಣಗಿಹೋತು ಅಂದ್ರು. ಲಾರಿ ಹೊಗೆ ಕುಡದು ಕುಡದು ಯಾವ ಮರ ಬದುಕ್ತದೆ?"

ನನಗೆ ಅಲ್ಲೇ ಹೊಳೆಯಿತು. ಆದರೆ ಹೊಳೆದದ್ದೆಲ್ಲ ಸಾಬೀತಾಗಿರುವುದಿಲ್ಲ. "ಕೆರಿಯಣ್ಣ, ಒಂದು ಮರ ಇಳಿದ ಮ್ಯಾಲೆ ಇನ್ನೊಂದು ಹತ್ತೂದ್ರೊಳಗ ಕತ್ತಿ ತೊಳೀಬೇಕು" ಎಂದು ಸ್ಪಿರಿಟ್ ಬಾಟಲಿ ಕೊಟ್ಟೆ.

ಅವನ ಮುಖ ಸಣ್ಣದಾಯಿತು. ಸೊಂಟದ ಕೊಕ್ಕೆಯಿಂದ ಕತ್ತಿ ತೆಗೆದು ತೋರಿಸಿದ. ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಪ್ರತಿ ಸಲ ಒಗೆದ ಬಟ್ಟೆಯಲ್ಲಿ ಒರೆಸಿ ತೆಂಗಿನೆಣ್ಣೆ ಸವರುತ್ತಾನಂತೆ. "ಆಯುಧಪೂಜೆ ಮಾಡಿದ ಕತ್ತಿ ಇದು. ಇದ್ಕೆ ಸಾರಾಯಿ ಹಚ್ಚುಕಾಗ್ತದಾ? ಇದ್ರಲ್ಲಿ ಕೊಳೆ ಎಲ್ಲದೆ ತೋರ್ಸಿ!"

"ಸಾರಾಯಿ ಅಲ್ರೀ! ಹಂಗಾರ ಬೆಂಕಿಗೆ ಹಿಡೀರಿ."

"ಬೆಂಕಿಗೆ ಹಿಡಿದ್ರೆ ಹದ ಹೋಗ್ತದೆ. ಮೊಂಡು ಕತ್ತಿಯಲ್ಲಿ ಕಡಿದ್ರೆ ಮರಕ್ಕೆ ನೋವಾಗ್ತದೆ ಅಕ್ಕೋರೆ."

ಬಾಟಲಿ ಅವರ ಮನೆಯ ಮಾಡಿನ ಕೆಳಗೆ ಗೂಟಕ್ಕೆ ನೇತುಬಿತ್ತು. ಉಳಿದದ್ದನ್ನೆಲ್ಲ ನಾನು ಹೇಳಿದ ಹಾಗೇ ಮಾಡಿದರು. ಕೊಯ್ದರು, ಸುಟ್ಟರು, ಹಚ್ಚಿದರು, ಹೊಯ್ದರು.

ಸಂಕ್ರಾಂತಿ ಕಳೆದ ಮೇಲೆ ಸುಬ್ಬಿಯ ಫೋನು. "ಅಕ್ಕೋರೆ, ಬನ್ನಿ, ಬಂದು ನೋಡಿ! ಸವತಿ ಮೈತುಂಬ ಹೂ ಮುಡದದೆ. ಎಲೆ ಕಾಣ್ತಿಲ್ಲ!"

ಹೋದೆ. ಅಂಥ ಹೂವನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಒಣಗಿದ ಪಾಲು ಬಿಟ್ಟು ಉಳಿದ ಮರವೆಲ್ಲ ಹೂವೇ. ಹಳ್ಳದ ಆಚೆಗೂ ಪರಿಮಳ. ದೊಡ್ಮನೆ ಊರಿನಿಂದೆಲ್ಲ ಜನ ನೋಡಲು ಬಂದಿದ್ದರು. ಯಾರೋ ನನ್ನನ್ನು ತೋರಿಸಿ, "ಇವರೇ, ಅಪ್ಪೆ ಡಾಕ್ಟ್ರು" ಅಂದರು. ಕೆರಿಯಣ್ಣ ಎಳನೀರು ಕೆತ್ತಿಕೊಟ್ಟ.

ಎಳನೀರನ್ನು ಕುಡಿಯದೆ ಕೆಳಗಿಟ್ಟೆ. ಎಷ್ಟೋ ಸಲ ಸಾಯುವ ಮರ ಹೀಗೆಯೇ ಹೂ ಬಿಡುತ್ತದೆ. ನೀರು ಕಡಿಮೆಯಾಗಿ ಪ್ರಾಣಕ್ಕೆ ಬಂದಾಗ ಎಲೆ, ಚಿಗುರು ಎಲ್ಲ ಬಿಟ್ಟು, ಇದ್ದದ್ದನ್ನೆಲ್ಲ ಹೂವಿಗೆ ಸುರಿದುಬಿಡುತ್ತದೆ. ಸುಮ್ಮನಿರೋಣವೆಂದುಕೊಂಡೆ, ಸುಮ್ಮನಿರುವುದು ನನ್ನ ಜಾಯಮಾನವಲ್ಲ.

"ಸುಬ್ಬಕ್ಕ, ಇದು ಆರಾಮಾದ ಹೂವಲ್ರಿ. ಸಾಯೋ ಮುಂದಿನ ಹೂವಿದು."

"ಬಿಡ್ತು ಅನ್ನಿ!" ಸುಬ್ಬಿ ಥಟ್ಟನೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಎಂಥ ಮಾತು ಆಡ್ತ್ರಿ ತಾಯಿ! ಬಿಡ್ತು ಅನ್ನಿ ಮೊದ್ಲು."

ಕೆರಿಯಣ್ಣ ಮಾತ್ರ ಸಿಟ್ಟಾಗಲಿಲ್ಲ. "ಮರಕ್ಕೆ ದೃಷ್ಟಿಯಾಗ್ತದೆ ಅಂತ ಅಕ್ಕೋರಿಗೆ ಹೆದ್ರಿಕೆ" ಎಂದು ನಗುತ್ತ ಎಲ್ಲರಿಗೂ ಹೇಳಿದ. ನಾನು ಬಿಡ್ತು ಅಂದೆ. ಮತ್ತೇನು ಮಾಡಲಿ?

ಮಿಡಿ ಕೊಯ್ಲಿನ ದಿನವೂ ಹೋಗಿದ್ದೆ. ಈ ವರ್ಷ ಕಡಿಯಬೇಡಿರೆಂದು ಹೇಳಲಿಕ್ಕೇ ಹೋದದ್ದು. ಅವನು ಆಗಲೇ ಮೇಲೆ ಇದ್ದ. ಕೆಳಗಿನಿಂದ ಗಂಟಲು ಹರಿದುಕೊಂಡೆ. "ಕೆರಿಯಣ್ಣಾ, ಕೈಲೆ ಕೊಯ್ರಿ! ಕತ್ತಿ ಹಚ್ಚಬ್ಯಾಡ್ರಿ!" ಅವನು ಮೇಲಿನಿಂದ, "ಉದುರ್ತದೆ ಅಕ್ಕೋರೆ, ಉದುರ್ತದೆ!" ಎಂದು ಕೂಗಿದ. ಟೊಂಗೆಗಳು ಹಗ್ಗದಲ್ಲಿ ಒಂದೊಂದಾಗಿ ಇಳಿದು ಬಂದವು. ಸುಬ್ಬಿ ಕೆಳಗೆ ಸೆರಗೊಡ್ಡಿ ಹಿಡಿಯುತ್ತಿದ್ದಳು. ನಿಜ ಹೇಳಬೇಕೆಂದರೆ, ಒಂದು ಮಿಡಿಯೂ ನೆಲ ಮುಟ್ಟಲಿಲ್ಲ.

ಆ ಮರದ ಸುದ್ದಿ ಹಬ್ಬಿತು ನೋಡಿ, ಎಲ್ಲರಿಗೂ ಕೆರಿಯಣ್ಣನೇ ಬೇಕು. ದೊಡ್ಮನೆಯವರು ತಮ್ಮ ಅಪ್ಪೆ ಹತ್ತಿಸಿದರು. ಶಿರಸಿ ಕಡೆಯವರು ಕರೆಸಿಕೊಂಡರು. ಹಳ್ಳದಪ್ಪೆಯ ಕಸಿ ಕಟ್ಟಲು ಕಡ್ಡಿ ಕೇಳಿದವರಿಗೆ ಸುಬ್ಬಿ ಇಲ್ಲವೆನ್ನಲಿಲ್ಲ. ಬದುಕಿದ ಮರದ ಪ್ರಸಾದ ಎಂದು ಹಂಚಿದಳು. ಕೊಯ್ದು ಕೊಟ್ಟವನು ಕೆರಿಯಣ್ಣ, ಕೊಯ್ದದ್ದು ಅದೇ ಕತ್ತಿ. ನಾನು ಫೋನಿನಲ್ಲಿ ಕೂಗಿದೆ, ಹೋಗಿ ಹೇಳಿದೆ, ಬೈದೆ. ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ವಾಸಿ ಮಾಡಿದವಳೇ ಯಾಕೆ ಹೀಗೆ ಬಡಬಡಿಸುತ್ತಾಳೆ ಎಂದು ಅವರಿಗೆ ಆಶ್ಚರ್ಯ. ನನ್ನ ಪಾಲಿಗೂ ಒಂದು ಭರಣಿ ಮಿಡಿ ಬಂತು. ಮುಚ್ಚಳ ತೆಗೆದರೆ ಲ್ಯಾಬೆಲ್ಲ ಘಮ್ಮೆಂದಿತು. ಸದಾಶಿವ ಸರ್ ಬುತ್ತಿ ಬಿಚ್ಚಿ ಕಣ್ಣು ಮುಚ್ಚಿಕೊಂಡು ಉಂಡರು. ನಾನು ಮುಟ್ಟಲಿಲ್ಲ.

ಯುಗಾದಿ ದಾಟಿತು. ಮರ ಹೋಯಿತು. ನಿಧಾನವಾಗಿ ಅಲ್ಲ, ಒಮ್ಮೆಲೇ. ಎಲೆ ಬಾಡಿ, ಕಂದಾಗಿ, ಮರದ ಮೇಲೆಯೇ ನಿಂತವು. ಕೆಳಗೆ ಹಳ್ಳದಲ್ಲಿ ಇನ್ನೂ ನೀರು ಹರಿಯುತ್ತಲೇ ಇತ್ತಂತೆ. ಫೋನಿನಲ್ಲಿ ಸುಬ್ಬಿ, "ಸವತಿ ಹೋದ್ಲು ಅಕ್ಕೋರೆ" ಎಂದಷ್ಟೇ ಹೇಳಿ ಅತ್ತಳು. ನಾನೂ ಅತ್ತೆ, ಸಿಟ್ಟಿನಲ್ಲಿ.

ಅದಾಗಿ ಕೆಲವು ದಿನಕ್ಕೆ ಕೆರಿಯಣ್ಣ ಬಂದ. ಈ ಸಲ ಬಾಗಿಲಲ್ಲೇ ನಿಂತ. ನಾನು ಬರ್ರಿ ಅಂದ ಮೇಲೆ ಒಳಗೆ ಬಂದು, ಕೊಂಬೆಯೊಂದನ್ನು ನೆಲದ ಮೇಲಿಟ್ಟ.

"ದೊಡ್ಮನೆಯದ್ದು. ನಾನೇ ಹತ್ತಿದ ಮರ." ಎಲೆಗಳು ಒಣಗಿದ್ದವು. ಉದುರಿರಲಿಲ್ಲ. "ಸುಬ್ಬಿ ಕೊಟ್ಟ ಕಡ್ಡಿಯ ಕಸಿಗಿಡಗಳೂ ಕಪ್ಪಾಗಿ ಹೋದ್ವಂತೆ. ಅಲ್ಲೆಲ್ಲ ಲಾರಿ ಹೊಗೆ ಇಲ್ಲ ಅಕ್ಕೋರೆ."

ಸೊಂಟದಿಂದ ಕತ್ತಿ ತೆಗೆದು ಮೇಜಿನ ಅಂಚಿಗಿಟ್ಟ. "ಇದನ್ನ ನೋಡಿ. ಅವತ್ತು ನೋಡಿದ್ರಲ್ಲ, ಹಂಗೆ ನೋಡಿ."

ಅಲಗು ಕನ್ನಡಿಯ ಹಾಗಿತ್ತು. ಆದರೆ ಅಲಗು ಹಿಡಿಯನ್ನು ಸೇರುವ ಸಂದಿಯಲ್ಲಿ ಎಣ್ಣೆ, ಸೊನೆ, ಕಟ್ಟಿಗೆಯ ಹುಡಿ ಎಲ್ಲ ಬೆರೆತು ಗಟ್ಟಿಯಾಗಿ ಕೂತಿತ್ತು. ಒರೆಸುವ ಬಟ್ಟೆ ಅಲ್ಲಿಗೆ ಮುಟ್ಟುವುದಿಲ್ಲ. ಸೂಜಿಯಿಂದ ಕೆರೆದು ಗಜ್ಜರಿ ಬಿಲ್ಲೆಗಳ ನಡುವೆ ಇಟ್ಟೆ. ಪಲ್ಯ ಮಾಡುತ್ತೀರಾ ಎಂದು ಅವನು ಕೇಳಲಿಲ್ಲ. ಮುಂದಿನ ವಾರ ಬರ್ರಿ ಎಂದೆ.

ಆ ವಾರ ನಾನು ನಿದ್ದೆಗೆಟ್ಟು ದೇವರಿಗೆ ಬೇಡಿಕೊಂಡೆ. ಏನೂ ಎದ್ದು ಬರದಿರಲಿ ಎಂದು. ಎದ್ದು ಬಂತು. ಅದೇ ಕಪ್ಪು ಕತ್ತು, ಅದೇ ಹಳದಿ ಹನಿ. ಇಲ್ಲ ಎಂದುಬಿಡಲೇ ಎಂದು ಯೋಚಿಸಿದೆ. ಅರವತ್ತು ದಾಟಿದ ಮನುಷ್ಯ, ಅವನಿಗೆ ಇದ್ದದ್ದು ಅದೊಂದು ಹೆಮ್ಮೆ. ಆದರೆ ಇಲ್ಲ ಎಂದರೆ ನಾಳೆ ಅದೇ ಕತ್ತಿ ಹಿಡಿದು ಇನ್ನೊಂದು ಮರ ಹತ್ತುತ್ತಾನೆ. ಸುಳ್ಳು ಹೇಳುವ ದಾರಿಯೂ ನನಗೆ ಇರಲಿಲ್ಲ.

ಬಂದ. ಗಜ್ಜರಿ ತೋರಿಸಿದೆ. ಅವನು ಬಗ್ಗಿ ನೋಡಿದ. ನಾನೇ ಹೇಳಿದೆ, "ಐತ್ರಿ ಕೆರಿಯಣ್ಣ. ಕತ್ತಿಯೊಳಗ ಐತಿ. ಯಲ್ಲಾಪುರದ ಮರದಿಂದ ಬಂದಿರಬೇಕು. ನಿಮಗ ಗೊತ್ತಿರ್ಲಿಲ್ಲ. ನೀವೇನು ಬೇಕಂತ..."

ಕೈ ಎತ್ತಿ ನನ್ನನ್ನು ತಡೆದ. ಕುರ್ಚಿಯ ತುದಿಗೆ ಕೂತ. ಆ ಮೇಲೆ ಬಹಳ ಮೆತ್ತಗೆ ಕೇಳಿದ:

"ಅವತ್ತು ಹೇಳಿದ್ರಿ, ಬೂಷ್ಟು ಒಳಗೆ ಬಂದ್ರೆ ಮರಕ್ಕೆ ಗೊತ್ತಾಗ್ತದೆ ಅಂತ."

"ಹೌದ್ರಿ."

"ಯಾವಾಗ ಗೊತ್ತಾಗ್ತದೆ?"

ನಾನು ಯೋಚಿಸಬೇಕಿತ್ತು. ಯೋಚಿಸದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಆವಾಗಿಂದಾವಾಗ್ಲೇ ರೀ. ಬೂಷ್ಟಿನ ಕಣ ಗಾಯಕ್ಕ ತಾಗೂದೇ ತಡ, ಕೋಶಕ್ಕ ತಿಳೀತೈತಿ. ಆಗ್ಲೇ ಮುಚ್ಚಾಕ ಚಾಲೂ."

"ಅಂದ್ರೆ ನಾ ಅದ್ರ ಮೇಲೆ ಇರುವಾಗ್ಲೇ."

ನಾನು ಗಜ್ಜರಿ ಬಿಲ್ಲೆಗಳನ್ನು ಮುಚ್ಚಿಟ್ಟೆ.

"ನಾ ಮೇಲೆ ಕೂತು, ಒಂದು ಮಿಡಿ ನೆಲಕ್ಕೆ ಬೀಳ್ಬಾರ್ದು ಅಂತ ಒಂದೊಂದೇ ಟೊಂಗೆ ಇಳಿಸ್ತಾ ಇದ್ನಲ್ಲ, ಆಗ್ಲೇ ಅದು ನನ್ನ ಕಂಡು ಬಾಗಿಲು ಹಾಕ್ಕಂತಾ ಇತ್ತು" ಅಂದ.

ಕತ್ತಿಯನ್ನು ಮುಟ್ಟದೆ ಎದ್ದ. ದೊಡ್ಮನೆಗೆ ಹೋಗಿ ಹೇಳಬೇಕು, ಕಸಿ ಒಯ್ದವರ ಮನೆಮನೆಗೆ ಹೋಗಿ ಹೇಳಬೇಕು, ನನ್ನನ್ನು ಮರದ ಹತ್ತಿರ ಬಿಡಬೇಡಿ ಅನ್ನಬೇಕು ಎಂದ. ಸಿದ್ದಾಪುರದ ಬಸ್ಸಿಗೆ ಹೊತ್ತಾಗಿತ್ತು, ನಾನೇ ನೆನಪಿಸಿದೆ. ಹೋದ್ರೆ ಹೋಗ್ಲಿ ಅಂದ. ಖಾಲಿ ಕೊಕ್ಕೆ ಸೊಂಟದಲ್ಲಿ ಅಲ್ಲಾಡುತ್ತಿತ್ತು. ಅವನು ಮೆಟ್ಟಿಲಿಳಿದು ಗೇಟು ದಾಟುವವರೆಗೂ ನೋಡುತ್ತ ನಿಂತೆ. ಸಿಟ್ಟು ಕುದಿಯುತ್ತಲೇ ಇತ್ತು, ಆದರೆ ಬೈಯಬೇಕೆಂದರೆ ನನಗೆ ಯಾರೂ ಸಿಗಲಿಲ್ಲ.